ಮರಳಿನ ಮೇಲೆ ಬರೆದ ಹೆಸರು

ಪ್ರೀತಿಸಿದವಳನ್ನು ಕವಿತೆಯಲ್ಲಿ ಅಮರಳಾಗಿಸ್ತೀನಿ ಅಂತ ಕವಿಗಳು ಮಾತು ಕೊಡೋದು ಹೊಸದೇನಲ್ಲ. ಇಂಗ್ಲಿಷ್ ಕವಿ ಎಡ್ಮಂಡ್ ಸ್ಪೆನ್ಸರ್ 1595ರಲ್ಲಿ ಪ್ರಕಟವಾದ ‘ಅಮೊರೆಟ್ಟಿ’ಯ 75ನೇ ಸಾನೆಟ್ಟಿನಲ್ಲಿ ಇದನ್ನೇ ಮಾಡಿದ್ದು. ಕಡಲ ದಂಡೆಯ ಮರಳಿನ ಮೇಲೆ ಅವಳ ಹೆಸರು ಬರೀತಾನೆ, ಅಲೆ ಬಂದು ಅಳಿಸುತ್ತೆ. ಮತ್ತೆ ಬರೀತಾನೆ, ಮತ್ತೆ ಅದೇ ಕತೆ. ತಾನೂ ಹೀಗೇ ಹೋಗುವವಳು, ಸುಮ್ಮನೆ ಯಾಕೀ ಒದ್ದಾಟ ಅಂತ ಅವಳ ತಕರಾರು. ಪದ್ಯ ಉಳಿಸುತ್ತೆ ಅಂತ ಇವನ ಹಟ.

ತಮಾಷೆ ಅಂದ್ರೆ, ಆ ಪದ್ಯದೊಳಗೆ ಹೆಸರೇ ಇಲ್ಲ! (ಹಿಂದಿನ ಸಾನೆಟ್ಟಿನಲ್ಲಿ ಎಲಿಜಬೆತ್ ಅಂತಿದೆ ಬಿಡಿ.) ಎಲಿಜಬೆತ್ ಬಾಯ್ಲ್‌ಳನ್ನು ಅವನು ಮದುವೆಯಾಗಿದ್ದು 1594ರಲ್ಲಿ, 1599ರಲ್ಲಿ ತೀರಿಕೊಂಡ. ಆಮೇಲೆ ಅವಳು ಇನ್ನೂ ಎರಡು ಮದುವೆಯಾದಳು.

ಇಷ್ಟೇನಾ ಅಮರ ಪ್ರೇಮ ಅಂತ ಗೆಳೆಯನೊಬ್ಬ ನಕ್ಕ. ನನಗೆ ನಗು ಬರಲಿಲ್ಲ. ಬದುಕಿದ್ದವಳು ಬದುಕಬೇಕಲ್ಲ? ಪದ್ಯ ಅವಳನ್ನೇನೂ ಕಟ್ಟಿಹಾಕಿರಲಿಲ್ಲ. ಅದು ಹಿಡಿದಿಟ್ಟದ್ದು ಇಬ್ಬರ ನಡುವಿನ ಒಂದು ವಾದವನ್ನು, ಅದರಲ್ಲೂ ಅವಳ ಅನುಮಾನವನ್ನು. ಬರೀ ಅವನ ಜಂಬವೇ ಇದ್ದಿದ್ರೆ ಇವತ್ತು ಯಾರು ಓದ್ತಿದ್ರು?

ನನ್ನ ಫೋನಿನಲ್ಲಿ ಒಂದು ಹಳೇ ಚಾಟ್ ಇದೆ. ದಿನಾಂಕ, ಗಂಟೆ, ನೀಲಿ ಟಿಕ್ಕು, ಎಲ್ಲಾ ಭದ್ರ. ಬೇರೆಯವರು ಓದಿದರೆ ‘ಊಟ ಆಯ್ತಾ’ ಬಿಟ್ಟು ಏನೂ ಸಿಗಲ್ಲ. ಸ್ಪೆನ್ಸರನ ಹದಿನಾಲ್ಕು ಸಾಲಿನಲ್ಲಿ ದಿನಾಂಕವೇ ಇಲ್ಲ, ಆದರೂ ನಾನು ಒಳಗೆ ಹೋಗಿ ನಿಲ್ಲಬಲ್ಲೆ.

ಆ ವಾದದಲ್ಲಿ ನಾನಂತೂ ಅವಳ ಕಡೆ. ಆದರೂ ಓದುವಾಗಲೆಲ್ಲ ಈ ಸಲ ಅವನೇ ಗೆಲ್ಲಲಿ ಅನ್ನಿಸುತ್ತೆ.