ಸಾರುವವನ ಸ್ವಾತಂತ್ರ್ಯ, ಕೇಳುವವನ ಸ್ವಾತಂತ್ರ್ಯ

ಕಾಲೇಜಿನ ಗೇಟಿನ ಮುಂದೆ, ಬಸ್ ನಿಲ್ದಾಣದ ಬಳಿ ನಿಂತು ಯೇಸುಸ್ವಾಮಿಯ ಶುಭಸಂದೇಶವನ್ನು ಗಟ್ಟಿಯಾಗಿ ಸಾರುವುದು ಸರಿಯೇ? ನೆಗಮಂ ಸುತ್ತಿನ ಊರುಗಳಿಂದ ಪೊಳ್ಳಾಚಿ, ಕೊಯಮತ್ತೂರಿನ ಕಾಲೇಜುಗಳಿಗೆ ಹೋಗುವ ನಮ್ಮ ಮಕ್ಕಳು ಈ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ಬೇರೆ ಸಭೆಗಳ ಗೆಳೆಯರು ಕರಪತ್ರ ಹಂಚಲು ಕರೆಯುತ್ತಾರೆ. ಹಿಂದೂ ಗೆಳೆಯರು, "ನಿಮ್ಮವರು ಯಾಕೆ ಹೀಗೆ ಮಾಡ್ತಾರೆ?" ಎಂದು ಕೇಳುತ್ತಾರೆ. ಮನೆಗೆ ಬಂದರೆ ಹೆತ್ತವರು, "ನಮಗ್ಯಾಕಪ್ಪ ಆ ಉಸಾಬರಿ" ಎನ್ನುತ್ತಾರೆ.

ಹೆತ್ತವರ ಮಾತಿನಲ್ಲಿ ಅರ್ಥವಿದೆ. ಸಾರಿ ಹೋಗುವವನಿಗೆ ಸಂಜೆಯ ಬಸ್ಸಿದೆ. ನಾವಾದರೋ ಮರುದಿನವೂ ಅದೇ ಬೀದಿಯ ನಲ್ಲಿಯಲ್ಲಿ ನೀರು ಹಿಡಿಯಬೇಕು, ಅದೇ ಅಂಗಡಿಯಲ್ಲಿ ಸಾಮಾನು ತರಬೇಕು. ತಮಿಳರ ನಡುವೆ ಕನ್ನಡಿಗರು, ಕನ್ನಡಿಗರ ನಡುವೆ ಕ್ರೈಸ್ತರು ಎಂಬ ಎರಡು ಪಟ್ಟು ಸಣ್ಣ ಗುಂಪು ನಮ್ಮದು. ಆದರೆ ಮೌನವಾಗಿರುವುದೇ ನೆರೆಯವರಿಗೆ ತೋರುವ ಗೌರವ ಎಂದು ಹೇಳಿಬಿಡುವುದು ಸುಲಭ. ಎಷ್ಟೋ ಸಲ ಆ ಮೌನದ ಹಿಂದೆ ಗೌರವವಿರುವುದಿಲ್ಲ, ಅಂಜಿಕೆ ಇರುತ್ತದೆ. ನಮಗೆ ಬದುಕು ಕೊಟ್ಟ ಮಾತನ್ನು ಗೆಳೆಯನಿಗೆ ಹೇಳದೇ ಇರುವುದೂ ಒಂದು ಬಗೆಯ ಜಿಪುಣತನವೇ.

ಸಂತ ಪೌಲರು ಬಯಲಿನಲ್ಲಿ ಮಾತನಾಡಿದವರು. ಪ್ರೇಷಿತರ ಕಾರ್ಯಕಲಾಪಗಳು ಗ್ರಂಥದ 17ನೆಯ ಅಧ್ಯಾಯದಲ್ಲಿ ಅವರು ಅಥೆನ್ಸಿನ ಪೇಟೆಯಲ್ಲಿ ಸಿಕ್ಕಸಿಕ್ಕವರೊಡನೆ ಪ್ರತಿದಿನ ಚರ್ಚಿಸುತ್ತಾರೆ. ಊರಿನ ತುಂಬ ವಿಗ್ರಹಗಳನ್ನು ಕಂಡು ಅವರ ಮನಸ್ಸು ಕುದಿದಿತ್ತು. ಆದರೂ ಅರಿಯೊಪಾಗದಲ್ಲಿ ಬಾಯಿ ತೆರೆದಾಗ ಅವರು ಬೈಗುಳದಿಂದ ಆರಂಭಿಸಲಿಲ್ಲ. ಆ ಜನರ ಭಕ್ತಿಯನ್ನು, ಅವರದೇ ಬಲಿಪೀಠವೊಂದನ್ನು, ಅವರದೇ ಕವಿಗಳನ್ನು ನೆನೆದು ಮಾತಾಡಿದರು. ಕೆಲವರು ನಕ್ಕರು, ಕೆಲವರು ಇನ್ನೊಮ್ಮೆ ಕೇಳುತ್ತೇವೆ ಎಂದರು, ಕೆಲವರು ನಂಬಿದರು. ಪೌಲರು ನಕ್ಕವರ ಬೆನ್ನು ಹತ್ತಲಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಬಯಲಿನಲ್ಲಿ ಕೇಳುವವನಿಗೆ ಎದ್ದು ಹೋಗುವ ದಾರಿ ಇರುತ್ತದೆ. ಆದ್ದರಿಂದ ಮುಚ್ಚಿದ ಕೋಣೆಗಿಂತ ಬಯಲೇ ಎಷ್ಟೋ ಪ್ರಾಮಾಣಿಕವಾದುದು. ಹಾಸ್ಟೆಲಿನ ಕೋಣೆಯಲ್ಲಿ ಒಂಟಿಯಾಗಿ ಅಳುತ್ತಿರುವ ಹೊಸ ವಿದ್ಯಾರ್ಥಿ, ಫೀಸಿಗೆ ಹಣವಿಲ್ಲದವಳು, ಅಂಕಗಳಿಗಾಗಿ ಪ್ರಾಧ್ಯಾಪಕರ ಮುಖ ನೋಡುವವನು, ಇವರ ಮುಂದೆ ಸಾರುವವನು ಎಷ್ಟು ಮೆಲ್ಲಗೆ ಮಾತಾಡಿದರೂ ಅವರಿಗೆ ಬೇಡ ಎನ್ನುವುದು ಕಷ್ಟ. ಅವರಿಗೆ ನೆರವಾಗಲೇಬೇಕು. ಆದರೆ ಆ ನೆರವಿಗೆ ವಿಶ್ವಾಸದ ಬೆಲೆ ಕಟ್ಟಬಾರದು. ಹಾಗೆಯೇ, ಬಯಲೂ ಕೆಲವೊಮ್ಮೆ ಬಯಲಾಗಿ ಉಳಿಯುವುದಿಲ್ಲ. ಓಡುವ ಬಸ್ಸಿನೊಳಗಿನ ಪ್ರಸಂಗದಿಂದ ಇಳಿದು ಹೋಗಲಾಗದು. ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲಿನ ಕಿಟಕಿಗೆ ನುಗ್ಗುವ ಧ್ವನಿವರ್ಧಕ ಯಾರ ಒಪ್ಪಿಗೆಯನ್ನೂ ಕೇಳುವುದಿಲ್ಲ.

ನಮ್ಮ ಧರ್ಮಸಭೆಯ ನಿಲುವೂ ಇದೇ ದಾರಿಯದು. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯು ವಿಶ್ವಾಸವನ್ನು ಬಹಿರಂಗವಾಗಿ ಸಾರುವ ಹಕ್ಕನ್ನು ಎತ್ತಿಹಿಡಿಯುತ್ತದೆ. ಅದರ ಜೊತೆಗೇ ಒತ್ತಾಯದ, ಗೌರವವಲ್ಲದ ಓಲೈಕೆಯ ಸುಳಿವೂ ಇರಕೂಡದು, ಬಡವರ ಮತ್ತು ಓದಿಲ್ಲದವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು ಎನ್ನುತ್ತದೆ. ನಮ್ಮ ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಕೊಡುವುದಕ್ಕೆ ಮೊದಲೇ ಅಂತಃಕರಣದ ಸ್ವಾತಂತ್ರ್ಯವನ್ನು ಹೆಸರಿಸುತ್ತದೆ. ಪ್ರಚಾರದ ಹಕ್ಕೆಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ತಮಿಳುನಾಡು 2002ರಲ್ಲಿ ಬಲವಂತದ ಮತಾಂತರದ ವಿರುದ್ಧ ಕಾನೂನು ತಂದು 2004ರಲ್ಲಿ ಹಿಂತೆಗೆದುಕೊಂಡಿತು. ಕಾನೂನು ಬರಲಿ, ಹೋಗಲಿ; ಕೇಳುವವನ ಅಂತಃಕರಣದ ಬಾಗಿಲನ್ನು ಒಡೆದು ಒಳಹೋಗುವ ಅಧಿಕಾರ ನಮಗೆ ಯಾವತ್ತೂ ಇರಲಿಲ್ಲ. ದೇವರೇ ಆ ಬಾಗಿಲ ಬಳಿ ನಿಂತು ತಟ್ಟುತ್ತಾರೆ.

ಹಾಗಾದರೆ ಕಥೋಲಿಕರು ಬಯಲಿಗೆ ಇಳಿದದ್ದೇ ಇಲ್ಲವೇ? ಇಳಿದಿದ್ದಾರೆ. 1918ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಕ್ಯಾಥೊಲಿಕ್ ಎವಿಡೆನ್ಸ್ ಗಿಲ್ಡ್ ಎಂಬ ಸಂಘದ ಶ್ರೀಸಾಮಾನ್ಯ ವಿಶ್ವಾಸಿಗಳು, ಗಂಡಸರೂ ಹೆಂಗಸರೂ, ಹೈಡ್ ಪಾರ್ಕಿನಲ್ಲಿ ಮಣೆಯ ಮೇಲೆ ನಿಂತು ಮಾತಾಡಿದರು. ಫ್ರಾಂಕ್ ಶೀಡ್ ಮತ್ತು ಅವರ ಪತ್ನಿ ಮೈಸಿ ವಾರ್ಡ್ ಅವರಲ್ಲಿ ಹೆಸರಾದವರು. ಆ ಸಂಘದಲ್ಲಿ ಮೊದಲು ಒಂದು ವಿಷಯವನ್ನು ಓದಿ, ಪರೀಕ್ಷೆ ಕೊಟ್ಟು, ಅನುಮತಿ ಪಡೆದು, ಆ ವಿಷಯದ ಮೇಲಷ್ಟೇ ಮಾತಾಡಬೇಕಿತ್ತು. ಭಾಷಣದಷ್ಟೇ ಮುಖ್ಯವಾದದ್ದು ಜನರ ಪ್ರಶ್ನೆಗಳು. ಕುಹಕದ ಪ್ರಶ್ನೆಗಳಿಗೂ ಉತ್ತರ ಹೇಳಬೇಕಿತ್ತು. ತಿರುಗಿ ಪ್ರಶ್ನೆ ಕೇಳಲು ಬಿಡುವವನು ಕೇಳುಗನನ್ನು ಮನುಷ್ಯನೆಂದು ಎಣಿಸುತ್ತಾನೆ. ಕರಪತ್ರ ಕೈಗೆ ತುರುಕಿ ಮುಂದೆ ಹೋಗುವವನಿಗೆ ಆ ಪುರುಸೊತ್ತಿಲ್ಲ.

ಇದರಿಂದ ನಮ್ಮ ಮಕ್ಕಳಿಗೆ ಹೇಳಬಹುದಾದದ್ದು ಇಷ್ಟು. ಗೆಳೆಯರು ಕರೆದರೆ ಮೂರು ಮಾತು ಕೇಳಿಕೊಳ್ಳಿ: ಕೇಳುವವನು ಎದ್ದು ಹೋಗಬಹುದೇ? ತಿರುಗಿ ಪ್ರಶ್ನಿಸಬಹುದೇ? ಬೇಡ ಎಂದರೂ ನಾಳೆ ಅವನು ನನ್ನ ಗೆಳೆಯನಾಗಿಯೇ ಇರುವನೇ? ಮೂರಕ್ಕೂ ಹೌದು ಎನ್ನಲಾದರೆ ಅಂಜಬೇಡಿ, ಮಾತಾಡಿ. ಒಂದಕ್ಕಾದರೂ ಅಲ್ಲ ಎನ್ನಬೇಕಾದರೆ ಶುಭಸಂದೇಶದ ಹೆಸರಿನಲ್ಲಿಯೂ ಅದನ್ನು ಮಾಡಬೇಡಿ.

ಹಿರಿಯರಾದ ನಮಗೂ ಒಂದು ಕೆಲಸವಿದೆ. ಈ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತರಗತಿಯಲ್ಲಿ ಇಂಗ್ಲಿಷು ಆಡುತ್ತಾರೆ. ಜಪಸರವನ್ನು ಕನ್ನಡದಲ್ಲಿ ಹೇಳಬಲ್ಲವರು, ಅದರ ಅರ್ಥವನ್ನು ಗೆಳೆಯನಿಗೆ ತಮಿಳಿನಲ್ಲಿ ಹೇಳಲು ತಡವರಿಸುತ್ತಾರೆ. "ಮಾತೆ ಮರಿಯಮ್ಮನವರು ನಿಮಗೆ ದೇವರೇ?" ಎಂದು ಗೆಳೆಯ ಕೇಳಿದಾಗ ತಲೆ ತಗ್ಗಿಸುವಂತಾಗಬಾರದು. ಆ ಪ್ರಶ್ನೆಯನ್ನು ಅವರು ಮೊದಲು ಮನೆಯಲ್ಲಿ, ಧರ್ಮಕೇಂದ್ರದಲ್ಲಿ ಕೇಳುವಂತಾಗಲಿ; "ಸುಮ್ಮನಿರು, ನಂಬು" ಎನ್ನದೆ ಕುಳಿತು ಉತ್ತರಿಸೋಣ. ಪ್ರಶ್ನೆ ಕೇಳುವ ಸ್ವಾತಂತ್ರ್ಯವನ್ನು ಮನೆಯಲ್ಲೇ ಕಂಡ ಮಕ್ಕಳು ಹೊರಗೆ ಅದನ್ನು ಇನ್ನೊಬ್ಬರಿಗೆ ಕೊಡಬಲ್ಲರು.