ಹೊಳೆಯದೆ ನಿಂತ ಪರಮಾಣುಗಳು

ಬೆಳಿಗ್ಗೆ ಅಡುಗೆಮನೆಯಲ್ಲಿ ಸಾರು ಉಕ್ಕಿ ಬರ್ನರ್ ಮೇಲೆ ಚೆಲ್ಲಿದರೆ ಗ್ಯಾಸಿನ ನೀಲಿ ಉರಿ ಒಂದು ಗಳಿಗೆ ಹಳದಿಗೆ ತಿರುಗುತ್ತದೆ. ಉಪ್ಪಿನೊಳಗಿನ ಸೋಡಿಯಂ ಕೊಡುವ ಬಣ್ಣ ಅದು. ಒಲೆ ಒರೆಸುವ ಗಡಿಬಿಡಿಯಲ್ಲಿ ನಾವು ಅದನ್ನು ಗಮನಿಸುವುದಿಲ್ಲ. ರಸಾಯನ ವಿಜ್ಞಾನಿಗಳು ಮಾತ್ರ ಹತ್ತಿರ ಹತ್ತಿರ ನೂರು ವರ್ಷ ಆ ಬಣ್ಣವನ್ನೇ ನೋಡುತ್ತ ಕುಳಿತರು. ಹೈಡೆಲ್‌ಬರ್ಗ್‌ನಲ್ಲಿ ಬುನ್ಸೆನ್ ಮತ್ತು ಕಿರ್ಖಾಫ್ 1860ರ ಹೊತ್ತಿಗೆ ತೋರಿಸಿಕೊಟ್ಟಿದ್ದರು: ಪ್ರತಿಯೊಂದು ಮೂಲವಸ್ತುವೂ ಬೆಂಕಿಯಲ್ಲಿ ತನ್ನದೇ ಆದ ಬೆಳಕಿನ ಗೆರೆಗಳನ್ನು ಸೂಸುತ್ತದೆ. ಗೆರೆ ಕಂಡರೆ ವಸ್ತು ಇದೆ, ಗೆರೆ ಉಜ್ವಲವಾದಷ್ಟೂ ವಸ್ತು ಹೆಚ್ಚಿದೆ. ಅಲ್ಲಿಂದ ಮುಂದೆ ಲೋಹದ ಅಳತೆ ಎಂದರೆ ಹೊಳಪಿನ ಅಳತೆ ಎಂದಾಯಿತು.

ಅದೇ ಕಿರ್ಖಾಫ್ ಇನ್ನೊಂದು ವಿಷಯವನ್ನೂ ಹೇಳಿದ್ದರು. ಆವಿಯೊಂದು ಯಾವ ಬಣ್ಣವನ್ನು ಸೂಸುತ್ತದೆಯೋ ಅದೇ ಬಣ್ಣವನ್ನು ಹೀರಿಕೊಳ್ಳಲೂ ಬಲ್ಲದು. ಫ್ರೌನ್‌ಹೋಫರ್ 1814ರಲ್ಲಿ ಸೂರ್ಯನ ಬೆಳಕಿನೊಳಗೆ ಐನೂರಕ್ಕೂ ಹೆಚ್ಚು ಕಪ್ಪು ಗೆರೆಗಳನ್ನು ಗುರುತಿಸಿದ್ದರಲ್ಲ, ಅವುಗಳ ಗುಟ್ಟು ಇದೇ. ಸೂರ್ಯನ ಹೊರ ಆವರಣದಲ್ಲಿರುವ ಸೋಡಿಯಂ, ಕಬ್ಬಿಣ, ಕ್ಯಾಲ್ಸಿಯಂ ತಮ್ಮ ಪಾಲಿನ ಬೆಳಕನ್ನು ದಾರಿಯಲ್ಲೇ ಹಿಡಿದಿಟ್ಟುಕೊಳ್ಳುತ್ತವೆ. ಖಗೋಳ ವಿಜ್ಞಾನಿಗಳು ಈ ಕತ್ತಲೆಯ ಗೆರೆಗಳನ್ನು ಓದಿ ನಕ್ಷತ್ರಗಳ ಒಳಗುಟ್ಟು ತಿಳಿದರು. ಭೂಮಿಯ ಪ್ರಯೋಗಶಾಲೆಯಲ್ಲಿ ಕುಳಿತವರು, ಪಾದರಸದಂಥ ಒಂದೆರಡು ವಸ್ತುಗಳನ್ನು ಬಿಟ್ಟರೆ, ಹೊಳೆಯುವುದನ್ನಷ್ಟೇ ಅಳೆದರು. ಒಂದೇ ಸತ್ಯಕ್ಕೆ ಎರಡು ಮುಖವಿದ್ದು, ಮೇಲೆ ನೋಡುವವರಿಗೆ ಒಂದು, ಕೆಳಗೆ ನೋಡುವವರಿಗೆ ಇನ್ನೊಂದು ಎಂದು ಪಾಲಾಗಿಬಿಟ್ಟಿತ್ತು. ಯಾರೂ ಮುಚ್ಚಿಟ್ಟಿರಲಿಲ್ಲ. ಪಠ್ಯಪುಸ್ತಕದಲ್ಲೇ ಇತ್ತು.

ಈ ಪಾಲುಪಟ್ಟಿಯನ್ನು ಪ್ರಶ್ನಿಸಿದವರು ಅಲನ್ ವಾಲ್ಶ್. 1916ರಲ್ಲಿ ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ, ಹತ್ತಿ ಗಿರಣಿಗಳ ಸೀಮೆಯಲ್ಲಿ ಹುಟ್ಟಿದವರು. ಮ್ಯಾಂಚೆಸ್ಟರಿನಲ್ಲಿ ಭೌತವಿಜ್ಞಾನ ಓದಿ, ಎರಡನೇ ಮಹಾಯುದ್ಧದ ಕಾಲದಲ್ಲಿ ಲೋಹ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸ ಮಾಡಿದರು. ಮಿಶ್ರಲೋಹದ ತುಣುಕನ್ನು ಕಿಡಿಯಲ್ಲಿ ಸುಟ್ಟು, ಅದು ಸೂಸುವ ಬೆಳಕಿನಿಂದ ಅದರೊಳಗೆ ಏನಿದೆ ಎಂದು ಹೇಳುವ ಕೆಲಸ. 1946ರಲ್ಲಿ ಮೆಲ್ಬರ್ನ್‌ಗೆ ಬಂದು, ಇಂದು ಸಿಎಸ್‌ಐಆರ್‌ಒ ಎಂದು ಹೆಸರಾದ ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸೇರಿದರು. ಇಲ್ಲಿ ಕೆಲಸ ಬೇರೆ. ಅವಗೆಂಪು ಕಿರಣಗಳನ್ನು ಅಣುಗಳ ಮೂಲಕ ಹಾಯಿಸಿ, ಎಷ್ಟು ಬೆಳಕು ಹೀರಿಹೋಯಿತು ಎಂದು ನೋಡುವುದು. ಹಳೆಯ ಕೆಲಸದಲ್ಲಿ ಬಂದ ಬೆಳಕಿನ ಲೆಕ್ಕ, ಹೊಸ ಕೆಲಸದಲ್ಲಿ ಹೋದ ಬೆಳಕಿನ ಲೆಕ್ಕ. ಎರಡೂ ಒಂದೇ ತಲೆಯೊಳಗೆ ಕೆಲವು ವರ್ಷ ಅಕ್ಕಪಕ್ಕ ಇದ್ದವು, ಮಾತನಾಡಲಿಲ್ಲ.

1952ರ ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಮೆಲ್ಬರ್ನಿನ ಬ್ರೈಟನ್ ಬಡಾವಣೆಯ ತಮ್ಮ ಮನೆಯ ತರಕಾರಿ ತೋಟದಲ್ಲಿ ಕೆಲಸ ಮಾಡುತ್ತಿದ್ದಾಗ, ಅವು ಮಾತನಾಡಿದವು. ಅಣುಗಳಾದರೆ ಹೀರಿದ್ದನ್ನು ಅಳೆಯುತ್ತೇನೆ, ಪರಮಾಣುಗಳಾದರೆ ಸೂಸಿದ್ದನ್ನು ಅಳೆಯುತ್ತೇನೆ, ಹೀಗೇಕೆ? ವಾಲ್ಶ್ ಒಳಗೆ ಹೋಗಿ ಸಹೋದ್ಯೋಗಿ ಜಾನ್ ಶೆಲ್ಟನ್‌ಗೆ ಫೋನ್ ಮಾಡಿ, ಇಷ್ಟು ದಿನ ನಾವು ಅಳೆಯಬೇಕಾದ್ದನ್ನು ಬಿಟ್ಟು ಬೇರೆಯದನ್ನೇ ಅಳೆಯುತ್ತಿದ್ದೇವೆ ಎಂದು ಹೇಳಿದರು.

ಆ ಮಾತಿನ ತೂಕ ಲೆಕ್ಕದಲ್ಲಿದೆ. ಬೆಂಕಿಯೊಳಗೆ ಹೋದ ಪರಮಾಣುಗಳೆಲ್ಲ ಹೊಳೆಯುವುದಿಲ್ಲ. ಶಾಖ ತಾಗಿ ಉದ್ರೇಕಗೊಂಡವು ಮಾತ್ರ ಬೆಳಕು ಬಿಡುತ್ತವೆ. ಉಳಿದವು ತಳಸ್ಥಿತಿಯಲ್ಲಿ ಸುಮ್ಮನಿರುತ್ತವೆ. 2000 ಕೆಲ್ವಿನ್ ಉಷ್ಣತೆಯಲ್ಲಿ ಸೋಡಿಯಂನ ಲಕ್ಷ ಪರಮಾಣುಗಳಲ್ಲಿ ಸುಮಾರು ಒಂದು ಉದ್ರೇಕಗೊಂಡಿರುತ್ತದೆ. ಸೋಡಿಯಂ ಇದರಲ್ಲಿ ಉದಾರಿ. ಸತುವಿಗೆ 3000 ಕೆಲ್ವಿನ್ ಕೊಟ್ಟರೂ ಸುಮಾರು 180 ಕೋಟಿಯಲ್ಲಿ ಒಂದೇ ಒಂದು. ಸಂತೆಯಲ್ಲಿ ಕೂಗುತ್ತಿರುವವರನ್ನಷ್ಟೇ ಎಣಿಸಿ ಸಂತೆಗೆ ಎಷ್ಟು ಜನ ಬಂದರೆಂದು ಹೇಳುವ ಹಾಗಿತ್ತು ಅದುವರೆಗಿನ ಲೆಕ್ಕ. ಉರಿ ಕೊಂಚ ಏರುಪೇರಾದರೆ ಹೊಳೆಯುವವುಗಳ ಸಂಖ್ಯೆ ಒಮ್ಮೆಲೇ ಬದಲಾಗುತ್ತದೆ, ಲೆಕ್ಕವೇ ತಪ್ಪುತ್ತದೆ. ಸುಮ್ಮನಿರುವವುಗಳ ಸಂಖ್ಯೆ ಮಾತ್ರ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಬೆಳಕನ್ನು ಹೀರುವವು ಅವೇ.

ಬೆಳಗಿನ ಈ ಹೊತ್ತಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಈ ಸಂಖ್ಯೆ. ಸದ್ದಿಲ್ಲದವರೇ ಹೆಚ್ಚು ಎಂಬುದು ನಮಗೆಲ್ಲ ಗೊತ್ತು. ಅವರನ್ನು ಎಣಿಸುವ ಬಗೆ ಹೇಗೆ ಎಂದು ಕೇಳಿಕೊಂಡವರು ಕಡಿಮೆ. ವಾಲ್ಶ್ ಅದಕ್ಕೊಂದು ಉಪಾಯ ಕಟ್ಟಿದರು. ಸತುವನ್ನು ಅಳೆಯಬೇಕಾದರೆ ಸತುವಿನಿಂದಲೇ ಮಾಡಿದ ದೀಪ ಹಚ್ಚಬೇಕು. ಟೊಳ್ಳು ಕ್ಯಾಥೋಡ್ ದೀಪ ಎಂದು ಅದರ ಹೆಸರು. ಅದು ಸತುವಿಗಷ್ಟೇ ಗುರುತು ಸಿಗುವ, ಕೂದಲೆಳೆಗಿಂತ ಸಪೂರವಾದ ಗೆರೆಯ ಬೆಳಕು ಕೊಡುತ್ತದೆ. ಆ ಬೆಳಕನ್ನು ಉರಿಯ ಮೂಲಕ ಹಾಯಿಸಿದರೆ, ಉರಿಯೊಳಗೆ ತೇಲುತ್ತಿರುವ ಸತುವಿನ ಪರಮಾಣುಗಳು ಅದನ್ನು ಹೀರುತ್ತವೆ, ಪಕ್ಕದಲ್ಲಿರುವ ತಾಮ್ರ, ಕಬ್ಬಿಣ ಅದರ ಗೊಡವೆಗೆ ಹೋಗುವುದಿಲ್ಲ. ಉರಿ ತಾನೇ ಬಿಡುವ ಬೆಳಕು ನಡುವೆ ಬೆರೆಯದಂತೆ, ದೀಪದ ಬೆಳಕನ್ನು ಒಂದು ಲಯದಲ್ಲಿ ಮಿಡಿಸಿ, ಆ ಲಯಕ್ಕೆ ಮಾತ್ರ ಸ್ಪಂದಿಸುವ ವರ್ಧಕವನ್ನು ಎದುರಿಗಿಟ್ಟರು. ಈ ಎರಡು ಏರ್ಪಾಡುಗಳಲ್ಲೇ ವಿಧಾನದ ಜೀವವಿದೆ.

ಮೊದಲ ಪ್ರಯೋಗಕ್ಕೆ ಅಷ್ಟೂ ಬೇಕಾಗಲಿಲ್ಲ. ಸೋಮವಾರ ಬೆಳಗಿನ ಟೀ ಹೊತ್ತಿಗೆ ಸೋಡಿಯಂ ದೀಪ, ಒಂದು ಉರಿ, ಅದರೊಳಗೆ ಚೂರು ಸೋಡಿಯಂ: ಬೆಳಕು ಕುಗ್ಗಿದ್ದು ಕಾಣಿಸಿತು. ವಾಲ್ಶ್ ಪಕ್ಕದ ಸಹೋದ್ಯೋಗಿ ಜಾನ್ ವಿಲ್ಲಿಸ್ ಅವರನ್ನು ಕರೆದು ತೋರಿಸಿದರು. ಅದರಲ್ಲೇನಿದೆ ವಿಶೇಷ ಎಂಬುದಷ್ಟೇ ಅವರ ಉತ್ತರ. ನನಗೆ ಈ ಕಥೆಯಲ್ಲಿ ತರಕಾರಿ ತೋಟಕ್ಕಿಂತ ಈ ಟೀ ಹೊತ್ತೇ ಹೆಚ್ಚು ಇಷ್ಟ. ಹೊಳಹು ಬಂದ ಕ್ಷಣವನ್ನು ಎಲ್ಲರೂ ಕೊಂಡಾಡುತ್ತಾರೆ. ಮರುದಿನ ಎದುರಿಗಿರುವವರು ಭುಜ ಕುಣಿಸಿ ಹೋದ ಮೇಲೂ ಉಪಕರಣದ ಮುಂದೆ ಕೂರುವುದಿದೆಯಲ್ಲ, ಸಂಶೋಧಕನ ಬಾಳು ಅಲ್ಲಿ ಶುರುವಾಗುತ್ತದೆ.

ಆ ನಿರಾಸಕ್ತಿ ಒಂದು ದಿನಕ್ಕೆ ಮುಗಿಯಲಿಲ್ಲ. 1953ರಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು. 1954ರಲ್ಲಿ ಮೆಲ್ಬರ್ನಿನ ಪ್ರದರ್ಶನವೊಂದರಲ್ಲಿ ಉಪಕರಣವನ್ನಿಟ್ಟರು, ಜನ ನೋಡಿ ಮುಂದೆ ಹೋದರು. 1955ರಲ್ಲಿ ಪ್ರಬಂಧ ಅಚ್ಚಾಯಿತು. ಅದೇ ವರ್ಷ ನೆದರ್‌ಲ್ಯಾಂಡ್ಸ್‌ನ ಆಲ್ಕೆಮಾಡೆ ಮತ್ತು ಮಿಲಾಟ್ಸ್ ಸ್ವತಂತ್ರವಾಗಿ ಇದೇ ಹಾದಿಯನ್ನು ಸೂಚಿಸಿದ್ದರು. ಆದರೂ ದೊಡ್ಡ ಕಂಪನಿಗಳು ಮೈಚಳಿ ಬಿಡಲಿಲ್ಲ. ಕೊನೆಗೆ ವಾಲ್ಶ್ ಮತ್ತು ಅವರ ತಂಡ ಮೆಲ್ಬರ್ನಿನ ಸಣ್ಣ ಸಣ್ಣ ಕಾರ್ಖಾನೆಗಳನ್ನು ಹಿಡಿದರು. ಒಬ್ಬರು ದೀಪ ಮಾಡಿದರು, ಇನ್ನೊಬ್ಬರು ಎಲೆಕ್ಟ್ರಾನಿಕ್ಸ್, ಬೇಕಾದವರು ಬಿಡಿಭಾಗ ತಂದು ತಾವೇ ಜೋಡಿಸಿಕೊಂಡರು. ಹಾಗೆ ಬೆಳೆದ ಟೆಕ್‌ಟ್ರಾನ್ ಎಂಬ ಪುಟ್ಟ ಕಂಪನಿ ಮುಂದೆ ಜಗತ್ತಿಗೇ ಈ ಉಪಕರಣ ಮಾರಿತು. ಕರೆದಾಗ ಆಸಕ್ತಿ ತೋರದ ವಿಲ್ಲಿಸ್ ಏನಾದರು ಗೊತ್ತೆ? ರಕ್ತದ ಸೀರಂನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಳೆಯಲು ಈ ವಿಧಾನವನ್ನು ಹದಗೊಳಿಸಿದವರು ಅವರೇ. 1960ರ ದಶಕದ ನಡುವೆ ನೈಟ್ರಸ್ ಆಕ್ಸೈಡ್–ಅಸಿಟಿಲೀನ್ ಜ್ವಾಲೆ ತಂದು, ಅಲ್ಯೂಮಿನಿಯಂನಂಥ ಹಟಮಾರಿ ಲೋಹಗಳಿಗೂ ಬಾಗಿಲು ತೆರೆದವರೂ ಅವರೇ. ಅತ್ತ ಲೆನಿನ್‌ಗ್ರಾಡ್‌ನಲ್ಲಿ ಬೋರಿಸ್ ಲ್ವೋವ್ ಜ್ವಾಲೆಯ ಬದಲು ಗ್ರಾಫೈಟ್ ಕುಲುಮೆ ಇಟ್ಟು, ಇನ್ನೂ ಅತ್ಯಲ್ಪ ಪ್ರಮಾಣಗಳನ್ನು ಅಳೆದು ತೋರಿಸಿದರು. ವಾಲ್ಶ್ ಅವರಿಗೆ 1976ರಲ್ಲಿ ರಾಯಲ್ ಸೊಸೈಟಿಯ ರಾಯಲ್ ಪದಕ, ಮರುವರ್ಷ ಸರ್ ಪದವಿ. 1998ರಲ್ಲಿ ತೀರಿಕೊಂಡರು.

ಒಂದು ಮಾತು ಸೇರಿಸದಿದ್ದರೆ ಈ ಕಥೆಗೆ ಅನ್ಯಾಯವಾಗುತ್ತದೆ. ಭಾನುವಾರ ಬೆಳಿಗ್ಗೆ ವಾಲ್ಶ್ ತಪ್ಪೆಂದು ಬದಿಗಿಟ್ಟ ಹೊಳಪಿನ ಅಳತೆ ಸತ್ತುಹೋಗಲಿಲ್ಲ. 1970ರ ದಶಕದಲ್ಲಿ ಅದು ಪ್ಲಾಸ್ಮಾ ಉಪಕರಣವಾಗಿ ಮರಳಿ ಬಂತು. ಆರ್ಗಾನ್ ಪ್ಲಾಸ್ಮಾದ ಸಾವಿರಾರು ಡಿಗ್ರಿ ಶಾಖದಲ್ಲಿ ಸಾಕಷ್ಟು ಪರಮಾಣುಗಳು ಹೊಳೆಯುತ್ತವೆ, ಹಲವು ಮೂಲವಸ್ತುಗಳನ್ನು ಒಂದೇ ಸಲಕ್ಕೆ ಓದಬಹುದು. ಇಂದು ದೊಡ್ಡ ಪ್ರಯೋಗಶಾಲೆಗಳಲ್ಲಿ ಅದರದೇ ಕಾರುಬಾರು. ಆಗಿನ ಉರಿಗೆ ಆಗಿನ ಮಾತು ಸರಿಯಾಗಿತ್ತು, ಅಷ್ಟೆ. ಹೀರಿಕೆಯ ಉಪಕರಣ ಕಡಿಮೆ ಖರ್ಚಿನದು, ದುಡಿಸಿಕೊಳ್ಳಲು ಸುಲಭ, ಹಾಗಾಗಿ ಸಣ್ಣ ಪ್ರಯೋಗಶಾಲೆಗಳಲ್ಲಿ ಉಳಿಯಿತು.

ಅದು ಮೊದಲು ಕೈಹಿಡಿದದ್ದೂ ಮಣ್ಣು, ಬೆಳೆ ನೋಡುವವರನ್ನೇ. ಆಸ್ಟ್ರೇಲಿಯಾದಲ್ಲಿ ಸತು, ತಾಮ್ರ ಇಲ್ಲದೆ ಪಾಳುಬಿದ್ದ ನೆಲ ಅಪಾರವಾಗಿತ್ತು. ಕ್ಯಾನ್‌ಬೆರಾದಲ್ಲಿ ಡೇವಿಡ್ ಎಂಬ ವಿಜ್ಞಾನಿ 1958ರಲ್ಲಿ ಗಿಡಗಳೊಳಗಿನ ಸತುವನ್ನು ಈ ವಿಧಾನದಿಂದ ಅಳೆದು ಪ್ರಕಟಿಸಿದರು. ನಮ್ಮ ನೆಲದ ಕಥೆಯೂ ಬಹಳ ಬೇರೆಯಲ್ಲ. ಕರ್ನಾಟಕದಲ್ಲಿ 2009ರಲ್ಲಿ ಭೂಚೇತನ ಯೋಜನೆಯಡಿ ಹೊಲಹೊಲದ ಮಣ್ಣು ತಂದು ನೋಡಿದಾಗ ಸತು, ಬೋರಾನ್, ಗಂಧಕದ ಕೊರತೆ ಊರೂರಲ್ಲೂ ಕಂಡಿತು. ಕಣ್ಣಿಗೆ ಕಾಣದ ಕೊರತೆ ಅದು. ಬತ್ತದ ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಬೀಳುವ ಹೊತ್ತಿಗೆ ಇಳುವರಿ ಆಗಲೇ ಹೋಗಿರುತ್ತದೆ. ನಿಮಗೆ ಹೊಲವಿದ್ದರೆ, ಮಣ್ಣು ಆರೋಗ್ಯ ಚೀಟಿ ಮನೆಯ ಯಾವುದೋ ಗೂಡಿನಲ್ಲಿದ್ದರೆ, ಇವತ್ತು ಹೊರತೆಗೆದು ಸತುವಿನ ಸಾಲು ನೋಡಿ. ಅಂಕಿ 0.6 ಪಿಪಿಎಂಗಿಂತ ಕೆಳಗಿದ್ದರೆ ಈ ಸಲ ನಾಟಿಗೆ ಮುಂಚೆ ಕೃಷಿ ಅಧಿಕಾರಿಯನ್ನು ಕೇಳಿ ಜಿಂಕ್ ಸಲ್ಫೇಟ್ ಕೊಡಿ, ಅದನ್ನು ರಂಜಕದ ಗೊಬ್ಬರದ ಜೊತೆ ಮಾತ್ರ ಬೆರೆಸಬೇಡಿ.