ಹಸಿರು ಕೊಂಬೆಯನ್ನೂ ಕತ್ತರಿಸಬೇಕೆ?

ಒಣಗಿದ ಕೊಂಬೆಯನ್ನು ಕಡಿಯಲು ಯಾರೂ ಹಿಂಜರಿಯುವುದಿಲ್ಲ. ಆದರೆ ಮೊಗ್ಗು ತುಂಬಿದ ಹಸಿರು ಕೊಂಬೆಗೆ ಕತ್ತರಿ ಹಾಕುವಾಗ ನಿಮ್ಮ ಕೈ ಅಳುಕದಿದ್ದೀತೆ? ಒಂದು ಒಳಿತಿಗಾಗಿ ಮತ್ತೊಂದು ಒಳಿತನ್ನು ತೆಗೆದುಹಾಕುವುದು ನ್ಯಾಯವೆ? ದ್ರಾಕ್ಷಾಬಳ್ಳಿಯ ಸಾಮ್ಯವನ್ನು ಕೇಳುತ್ತ ಬೆಳೆದ ನಮಗೆ ಈ ಪ್ರಶ್ನೆ ಹೊಸದಲ್ಲ. ಇಂದು ಅದನ್ನು ಬೇರೊಂದು ಗಿಡದ ಬಳಿ ನಿಂತು ಕೇಳಿಕೊಳ್ಳೋಣ.

ಬ್ಲೂಬೆರಿ ಉತ್ತರ ಅಮೆರಿಕದ ಕಾಡುಪೊದೆ. ಅದನ್ನು ತೋಟದ ಬೆಳೆಯಾಗಿಸಿದವರು ಸಸ್ಯವಿಜ್ಞಾನಿ ಫ್ರೆಡರಿಕ್ ಕೊವಿಲ್ ಹಾಗೂ ನ್ಯೂಜೆರ್ಸಿಯ ಎಲಿಜಬೆತ್ ವೈಟ್. ಅವರ ಮೊದಲ ಫಸಲು ಮಾರುಕಟ್ಟೆಗೆ ಬಂದದ್ದು 1916ರಲ್ಲಿ. ಇಂದು ಹಲವು ದೇಶಗಳಲ್ಲಿ ಇದನ್ನು ಹಸಿರುಮನೆಯೊಳಗೂ ಬೆಳೆಯುತ್ತಾರೆ.

ಈ ಗಿಡ ಹಿಂದಿನ ವರ್ಷ ಚಿಗುರಿದ ರೆಂಬೆಯಲ್ಲಿ ಹಣ್ಣು ಬಿಡುತ್ತದೆ. ರೆಂಬೆಯ ತುದಿಯಲ್ಲಿರುವ ದುಂಡನೆಯ ಮೊಗ್ಗು ಹೂವಿನದು. ಕೆಳಗಿನ ಸಣ್ಣ, ಚೂಪಾದ ಮೊಗ್ಗು ಎಲೆಯದು. ನೆಟ್ಟ ಮೊದಲ ಒಂದೆರಡು ವರ್ಷ ತೋಟಗಾರನು ಹೂಗಳನ್ನೆಲ್ಲ ತೆಗೆದುಬಿಡುತ್ತಾನೆ. ಬೇರು ಬಲಿಯುವ ಮುನ್ನವೇ ಹಣ್ಣು ಹೊತ್ತ ಗಿಡ ಕುಗ್ಗುತ್ತದೆ. ಗಿಡ ಬೆಳೆದ ಮೇಲೆ ಪ್ರತಿವರ್ಷ ತೀರ ಹಳೆಯ ಒಂದೆರಡು ಕಾಂಡಗಳನ್ನು ಬುಡದಿಂದಲೇ ಸವರುತ್ತಾನೆ. ಸವರದೆ ಬಿಟ್ಟರೆ ಮೊದಲಿಗೆ ಹಣ್ಣು ಹೆಚ್ಚೆಂದೇ ತೋರುತ್ತದೆ. ಕ್ರಮೇಣ ಹಣ್ಣು ಕಿರಿದಾಗುತ್ತದೆ, ಹೊಸ ಚಿಗುರು ಕಡಿಮೆಯಾಗುತ್ತದೆ, ಮುಂದಿನ ಫಸಲು ಸೊರಗುತ್ತದೆ.

ಗಾಳಿ, ಆಲಿಕಲ್ಲು, ಹಿಮ ತಾಕದ ಹಸಿರುಮನೆಯಲ್ಲಿ ಗಿಡ ಸುಖವಾಗಿರಬೇಕಲ್ಲವೆ? ಕೊವಿಲ್ 1920ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬೇರೆಯದನ್ನೇ ತೋರಿಸಿದವು. ಚಳಿಗಾಲವಿಡೀ ಬೆಚ್ಚಗಿಟ್ಟ ಗಿಡಗಳು ವಸಂತ ಬಂದರೂ ಸರಿಯಾಗಿ ಎಚ್ಚರಗೊಳ್ಳಲಿಲ್ಲ. ಚಳಿಯುಂಡ ಗಿಡಗಳು ಚಿಗುರಿದವು. ಚಳಿ ಕಾಣದೆ ಮಲಗಿದ್ದ ಗಿಡವನ್ನು ಕತ್ತರಿಯ ಗಾಯವೂ ಎಬ್ಬಿಸಬಲ್ಲದೆಂದು ಅವರು ಕಂಡುಕೊಂಡರು. ಅಲ್ಪ ಚಳಿಯಲ್ಲೇ ಬೆಳೆಯುವ ತಳಿಗಳು ಬಂದದ್ದು ಆ ಬಳಿಕ.

ಇಷ್ಟನ್ನು ಕೇಳಿ, ನೋವೇ ಒಳ್ಳೆಯದು ಎಂದು ತೀರ್ಮಾನಿಸಿದರೆ ಅದು ಅವಸರದ ಮಾತು. ಬಲ್ಲವನ ಕೈಯಲ್ಲೂ ಅರಿಯದವನ ಕೈಯಲ್ಲೂ ಇರುವುದು ಅದೇ ಕತ್ತರಿ. ವರ್ಷವಿಡೀ ಎಲೆ ಉಳಿಸಿಕೊಳ್ಳುವ ಬೆಚ್ಚನೆಯ ತಾಣದ ಗಿಡವನ್ನು ಕೊಯ್ಲು ಮುಗಿದೊಡನೆ ಸವರಿದರೆ, ಹೊಸ ರೆಂಬೆ ಬೆಳೆದು ಮೊಗ್ಗು ಕಟ್ಟಲು ಕಾಲಾವಕಾಶವಿರುತ್ತದೆ. ತಡಮಾಡಿ ಸವರಿದರೆ ಬರುವ ವರ್ಷದ ಹೂವೂ ನೆಲಕ್ಕೆ ಬೀಳುತ್ತದೆ. ಕತ್ತರಿಸುವ ಅಧಿಕಾರವು ಮೊಗ್ಗನ್ನೂ ಕಾಲವನ್ನೂ ಅರಿತವನದು ಮಾತ್ರ.

ಇನ್ನು ನಮ್ಮ ಮನೆಗಳನ್ನು ನೋಡೋಣ. ಮಕ್ಕಳಿಗೆ ಯಾವ ಚಳಿಯೂ ತಾಕದಂತೆ ಬೆಚ್ಚಗಿಡುವವರು ನಾವೇ. ಮಗಳ ಹಾಡನ್ನೋ ಮಗನ ಆಟವನ್ನೋ ‘ಓದಿಗೆ ಅಡ್ಡಿ’ಯೆಂದು ಕತ್ತರಿಸುವವರೂ ನಾವೇ. ಕತ್ತರಿಸುವ ಮುನ್ನ ಆ ತುದಿಯಲ್ಲಿದ್ದದ್ದು ಯಾವ ಮೊಗ್ಗೆಂದು ನೋಡಿದ್ದೇವೆಯೆ? ಗಿಡಕ್ಕೆ ಬಾಯಿಲ್ಲ, ಮಕ್ಕಳಿಗಿದೆ. ಅವರನ್ನು ಕೇಳದೆ ಕತ್ತರಿ ಎತ್ತುವವನು ತೋಟಗಾರನಿಗಿಂತ ಹೆಚ್ಚಿನ ಸಲುಗೆ ತೆಗೆದುಕೊಂಡಂತಾಯಿತು.

ಕೇಳದೆಯೇ ಸವರಬಹುದಾದ ಗಿಡ ಒಂದೇ, ಅದು ನಮ್ಮ ಬಾಳು. ಅಲ್ಲಿ ಕೆಟ್ಟದ್ದನ್ನು ಬಿಡುವುದಕ್ಕಿಂತ ಒಳ್ಳೆಯದನ್ನು ಬಿಡುವುದೇ ಕಷ್ಟ. ಹತ್ತು ಸಂಘಗಳ ಜವಾಬ್ದಾರಿ ಹೊತ್ತು, ಮನೆಯ ಹಿರಿಯರೊಡನೆ ಹತ್ತು ನಿಮಿಷ ಕೂರಲಾಗದವನು ಯಾವ ಕೊಂಬೆಯನ್ನು ಕಳೆಯಬೇಕು? ಕಳೆದದ್ದು ನಷ್ಟವೇ, ಅಲ್ಲವೆಂದು ನಟಿಸಬೇಕಿಲ್ಲ. ಆ ನಷ್ಟವನ್ನು ಬಲ್ಲವನು ಮತ್ತೊಬ್ಬರ ಕೊಂಬೆಯ ಬಳಿ ಬಂದಾಗ ಒಂದು ಕ್ಷಣ ಕತ್ತರಿಯನ್ನು ತಡೆದು, ಮೊಗ್ಗನ್ನು ನೋಡುತ್ತಾನೆ.